ಭಾನುವಾರದ ಎಣ್ಣೆನೀರು

ಹೊಳೆನರಸೀಪುರದಂಥ ಊರಿನಲ್ಲಿ ಭಾನುವಾರದ ಬೆಳಗು ಇತರ ದಿನಗಳಂತೆ ಅವಸರದಿಂದ ಆರಂಭವಾಗುವುದಿಲ್ಲ. ಶಾಲೆಯ ಗಂಟೆಯಿಲ್ಲ, ಕಚೇರಿಯ ಚಿಂತೆಯಿಲ್ಲ. ಮನೆಯ ಹಿರಿಯರು ಎರಡನೆಯ ಲೋಟ ಕಾಫಿಯನ್ನು ಮುಗಿಸುವ ಹೊತ್ತಿಗೆ ಬಚ್ಚಲುಮನೆಯ ಹಂಡೆಯ ಕೆಳಗೆ ಬೆಂಕಿ ಹತ್ತಿರುತ್ತದೆ. ಹೊಸ ಮನೆಯಾದರೆ ಗೀಸರಿನ ಗುಂಡಿ ಒತ್ತಿರುತ್ತಾರೆ. ಮಣೆಯ ಮೇಲೆ ಕುಳಿತ ಮಕ್ಕಳ ನೆತ್ತಿಗೆ ಬೆಚ್ಚನೆಯ ಎಣ್ಣೆಯನ್ನು ತಟ್ಟುವ ಸದ್ದು, ಕಣ್ಣಿಗೆ ಸೀಗೆಪುಡಿ ಬಿತ್ತೆಂಬ ಕೂಗು, ಇನ್ನೊಂದು ಚೊಂಬು ಬಿಸಿನೀರಿಗಾಗಿ ಜಗಳ, ಅಡಿಗೆಮನೆಯಿಂದ ತೇಲಿಬರುವ ಇಡ್ಲಿಯ ಹಬೆ, ಮಧ್ಯಾಹ್ನ ಊಟವಾದ ಮೇಲೆ ತಡೆಯಲಾರದ ನಿದ್ದೆ—ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಎಷ್ಟೋ ಕುಟುಂಬಗಳಿಗೆ ಭಾನುವಾರವೆಂದರೆ ಇದೇ. ಗ್ರಂಥಗಳು ಅಭ್ಯಂಜನವೆಂದು ಕರೆಯುವ ಈ ಸ್ನಾನಕ್ಕೆ ನಮ್ಮ ಸೀಮೆಯ ಮಾತಿನಲ್ಲಿ ‘ಎಣ್ಣೆನೀರು’ ಎಂದು ಹೆಸರು.

ಇಷ್ಟು ಪರಿಚಿತವಾದ ವಿಷಯದಲ್ಲಿ ಕಲಿಯುವುದೇನಿದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಬರಿಯ ನೀರಿಗೆ ಬಗ್ಗದ ಜಿಡ್ಡು ಒಂದು ಹಿಡಿ ಕಾಯಿಪುಡಿಗೆ ಏಕೆ ಬಗ್ಗುತ್ತದೆ? ಹೊಳೆಯ ನೀರಿನಲ್ಲಿ ಸೊಗಸಾಗಿ ನೊರೆಯೇಳುವ ಸಾಬೂನು ಕೊಳವೆಬಾವಿಯ ನೀರಿನಲ್ಲಿ ಏಕೆ ಸೋಲುತ್ತದೆ? ಸ್ನಾನವಾದ ಮೇಲೆ ಮೈ ಏಕೆ ಸಡಿಲವಾಗುತ್ತದೆ? ಕೊನೆಯ ಪ್ರಶ್ನೆ ಮೇಲುನೋಟಕ್ಕೆ ತಮಾಷೆಯದಾಗಿ ಕಂಡರೂ ಅದರ ಹಿಂದೆ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯೊಂದು ಅಡಗಿದೆ. ಅಲ್ಲಿಗೆ ಕ್ರಮವಾಗಿ ಹೋಗೋಣ.

ವಾರದ ಲೆಕ್ಕ

ಮೊದಲು ದಿನದ ವಿಷಯ. ಭಾನುವಾರದ ಎಣ್ಣೆನೀರು ಸನಾತನವಾದ ಪದ್ಧತಿಯೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಹಳೆಯ ಸಂಪ್ರದಾಯದಲ್ಲಿ ಗಂಡಸರ ಅಭ್ಯಂಜನಕ್ಕೆ ಬುಧವಾರ, ಶನಿವಾರಗಳೂ ಹೆಂಗಸರಿಗೆ ಮಂಗಳವಾರ, ಶುಕ್ರವಾರಗಳೂ ಮೀಸಲಾಗಿದ್ದುವು. ಭಾನುವಾರ ತಲೆಗೆ ಎಣ್ಣೆ ಮುಟ್ಟಿಸಬಾರದೆಂದೇ ನಿಯಮ. ಬಿಡುವಿನ ದಿನವೂ ಬೇರೆಯಾಗಿತ್ತು: ಸೋಮವಾರ ಬಸವನ ವಾರವೆಂದು ಎತ್ತಿಗೆ ನೊಗ ಹೂಡದ ರೈತರು ಈ ಸೀಮೆಯಲ್ಲಿ ಬಹಳ ಮಂದಿ ಇದ್ದರು. ಶಾಲೆ, ಕಚೇರಿ, ಕಾರ್ಖಾನೆಗಳು ಬಂದು ವಾರಕ್ಕೊಂದು ದಿನ ಮಾತ್ರ ಎಲ್ಲರಿಗೂ ಒಟ್ಟಾಗಿ ಬಿಡುವು ದೊರೆಯುವಂತಾದಾಗ ಎಣ್ಣೆಯ ಬಟ್ಟಲು ಸದ್ದಿಲ್ಲದೆ ಭಾನುವಾರಕ್ಕೆ ಸರಿಯಿತು. ಆ ಬಿಡುವೂ ತಾನಾಗಿ ಬಂದದ್ದಲ್ಲ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು 321ರಲ್ಲಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ವಿಧಿಸಿದನು. ಯೂರೋಪಿನವರೊಡನೆ ಅದು ನಮ್ಮ ಕಚೇರಿಗಳಿಗೆ ಬಂದಿತು. ಆದರೆ ಮುಂಬಯಿಯ ಗಿರಣಿ ಕೆಲಸಗಾರರಿಗೆ ಅದು ದಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1890ರಲ್ಲಿ.

ಶನಿವಾರವಾದ ಮೇಲೆ ಭಾನುವಾರವೇ ಏಕೆ ಬರಬೇಕೆಂಬುದು ಒಂದು ಸೊಗಸಾದ ಲೆಕ್ಕ. ಬರಿಗಣ್ಣಿಗೆ ಕಾಣುವ ಏಳು ಗ್ರಹಗಳನ್ನು ಪ್ರಾಚೀನರು ನಿಧಾನಗತಿಯದರಿಂದ ಶೀಘ್ರಗತಿಯದರವರೆಗೆ ಹೀಗೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ ಒಂದೊಂದು ಹೋರೆಗೂ, ಎಂದರೆ ಗಂಟೆಗೂ, ಈ ಕ್ರಮದಲ್ಲಿ ಒಬ್ಬೊಬ್ಬ ಅಧಿಪತಿ. ಮೊದಲನೆಯ ಹೋರೆಯ ಅಧಿಪತಿಯ ಹೆಸರೇ ಆ ದಿನದ ಹೆಸರು. ಇಪ್ಪತ್ತನಾಲ್ಕನ್ನು ಏಳರಿಂದ ಭಾಗಿಸಿದರೆ ಮೂರು ಉಳಿಯುತ್ತದೆ. ಆದುದರಿಂದ ಮರುದಿನದ ಹೆಸರಿಗೆ ಪಟ್ಟಿಯಲ್ಲಿ ಮೂರು ಹೆಜ್ಜೆ ಮುಂದೆ ಹೋಗಬೇಕು. ಶನಿಯಿಂದ ಮೂರು ಹೆಜ್ಜೆಗೆ ರವಿ, ಅಲ್ಲಿಂದ ಮೂರಕ್ಕೆ ಚಂದ್ರ, ಮತ್ತೆ ಮೂರಕ್ಕೆ ಕುಜ. ಉಳಿದುದನ್ನು ವಾಚಕರೇ ಎಣಿಸಿ ನೋಡಬಹುದು. ಹೋರಾ ಎಂಬ ಮಾತು ಗ್ರೀಕರದು. ಭಾರತದಲ್ಲಿ ವಾರದ ಹೆಸರು ಹೇಳುವ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಪ್ರಸಿದ್ಧವಾದುದು ಮಧ್ಯಪ್ರದೇಶದ ಏರಣಿನ ಬುಧಗುಪ್ತನ ಕಂಬದ ಶಾಸನ. ಅದರ ಕಾಲ 484. ಅದು ಹೇಳುವ ವಾರ ಗುರುವಾರ.

ನೆತ್ತಿಯ ಎಣ್ಣೆ

ಎಣ್ಣೆ ತಲೆಗೆ ತಂಪು, ಅದು ನೆತ್ತಿಯಿಂದ ಇಳಿದು ಮೆದುಳನ್ನೂ ಕಣ್ಣನ್ನೂ ತಂಪುಮಾಡುತ್ತದೆ ಎಂಬ ನಂಬಿಕೆ ಬಲವಾದುದು. ಚರ್ಮದ ಹೊರಪದರ, ಕೆಳಗಿನ ಮೇದಸ್ಸು, ತಲೆಬುರುಡೆಯ ಮೂಳೆ, ಮೆದುಳಿನ ಮೂರು ಪೊರೆಗಳು—ಇಷ್ಟನ್ನು ದಾಟಿ ಎಣ್ಣೆಯ ಹನಿ ಒಳಗಿಳಿಯಲಾರದು. ತಂಪೆನಿಸುವುದು ನಿಜವಾದರೂ ಅದರ ಕಾರಣ ಬೇರೆ. ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ತಿಕ್ಕುವುದರ ಹಿತವೂ ಆಮೇಲಿನ ಬಿಸಿನೀರಿನ ಪರಿಣಾಮವೂ ಅದರಲ್ಲಿ ಸೇರಿವೆ. ತಿಕ್ಕುವಿಕೆಯ ಮಹಿಮೆಯನ್ನು ನಾವಷ್ಟೇ ಅಲ್ಲ, ಪರದೇಶದವರೂ ಒಪ್ಪಿದ್ದಾರೆ. ಶಾಂಪೂ ಎಂಬ ಮಾತಿನ ಮೂಲ ಒತ್ತು, ಅಮುಕು ಎಂಬ ಅರ್ಥದ ಹಿಂದಿ ಕ್ರಿಯಾಪದ. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು 1814ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಆ ಮಾತನ್ನು ಅಲ್ಲಿ ಪ್ರಚಾರ ಮಾಡಿದನು. ಆಗ ಅದರ ಅರ್ಥ ಮೈ ತಿಕ್ಕುವುದು. ತಲೆ ತೊಳೆಯುವ ದ್ರವ ಎಂಬ ಅರ್ಥ ಬಂದದ್ದು ಬಹಳ ತಡವಾಗಿ.

ಕೂದಲಿಗಂತೂ ಎಣ್ಣೆಯಿಂದ ಪ್ರಯೋಜನವುಂಟು. ಕೂದಲಿನ ಹೊರಮೈ ಮನೆಯ ಹೆಂಚಿನ ಸಾಲಿನಂತೆ ಒಂದರ ಮೇಲೊಂದು ಹೊದಿಸಿದ ಹುರುಪೆಗಳಿಂದ ಆಗಿದೆ. ನೀರು ಹೀರಿದಾಗ ಕೂದಲು ಉಬ್ಬಿ ಹುರುಪೆಗಳು ತೆರೆಯುತ್ತವೆ, ಒಣಗಿದಾಗ ಮುಚ್ಚುತ್ತವೆ. ಹೀಗೆ ಮತ್ತೆ ಮತ್ತೆ ಆದರೆ ಕೂದಲು ಸವೆಯುತ್ತದೆ. ಕೊಬ್ಬರಿ ಎಣ್ಣೆಯ ಸುಮಾರು ಅರ್ಧಭಾಗ ಲಾರಿಕ್ ಆಮ್ಲ. ಅದರ ಅಣುವಿನ ಸರಪಳಿ ಚಿಕ್ಕದು, ನೆಟ್ಟನೆಯದು. ಅದು ಕೂದಲಿನೊಳಕ್ಕೆ ನುಗ್ಗಬಲ್ಲದು. ಕೊಬ್ಬರಿ ಎಣ್ಣೆ ಸವರಿದ ಕೂದಲು ತೊಳೆಯುವಾಗ ಕಳೆದುಕೊಳ್ಳುವ ಪ್ರೋಟೀನು ಕಡಿಮೆಯೆಂದೂ ಸೂರ್ಯಕಾಂತಿ ಎಣ್ಣೆಗೆ ಆ ಗುಣವಿಲ್ಲವೆಂದೂ ಮುಂಬಯಿಯ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಅವರು ಕೆಲಸ ಮಾಡುತ್ತಿದ್ದುದು ಕೊಬ್ಬರಿ ಎಣ್ಣೆಯನ್ನೇ ಮಾರುವ ಕಂಪನಿಯಲ್ಲಿ ಎಂಬುದನ್ನು ಓದುವವನು ನೆನಪಿನಲ್ಲಿಡಬೇಕು. ಹಾಗೆಂದು ಅವರ ಅಳತೆಗಳು ಸುಳ್ಳಾಗುವುದಿಲ್ಲ. ಹರಳೆಣ್ಣೆಯ ಸ್ವಭಾವ ಬೇರೆ. ಅದರ ಶೇಕಡ ಎಂಬತ್ತೈದಕ್ಕೂ ಹೆಚ್ಚಿನ ಭಾಗ ರಿಸಿನೊಲಿಯಿಕ್ ಆಮ್ಲ. ಪಕ್ಕದ ಅಣುಗಳನ್ನು ಹಿಡಿದುಕೊಳ್ಳುವ ಒಂದು ಕೊಂಡಿ ಈ ಆಮ್ಲದ ಅಣುವಿನಲ್ಲಿ ಹೆಚ್ಚಾಗಿರುವುದರಿಂದ ಹರಳೆಣ್ಣೆ ಅಷ್ಟು ಮಂದ, ಅಷ್ಟು ಅಂಟು. ಅದನ್ನು ತೊಳೆದು ತೆಗೆಯುವುದೇ ಒಂದು ಸಾಹಸ.

ಸೀಗೆಯ ನೊರೆ

ಆ ಸಾಹಸಕ್ಕೆ ಒದಗುವುದು ಸೀಗೆಕಾಯಿ. ಇದು ಮಲೆನಾಡಿನ ಕಾಡುಗಳಲ್ಲಿ ಮರಗಳನ್ನು ಹಿಡಿದು ಏರುವ ಮುಳ್ಳಿನ ಪೊದೆ. ಸಸ್ಯಶಾಸ್ತ್ರದಲ್ಲಿ ಬಹುಕಾಲ ಅಕೇಶಿಯ ಕಾನ್‌ಸಿನ್ನ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಇದರ ಜೊತೆಗಾರ ಅಂಟುವಾಳ. ಅಂಟುವಾಳದ ಜಾತಿಗೆ ಸಪಿಂಡಸ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ‘ಇಂಡಿಯಾದ ಸಾಬೂನು’ ಎಂಬುದರ ಸಂಕ್ಷೇಪ ಅದು. ಎರಡರಲ್ಲಿಯೂ ಇರುವ ಕಾರ್ಯಕಾರಿ ಪದಾರ್ಥ ಸಪೋನಿನ್.

ಎಣ್ಣೆಗೂ ನೀರಿಗೂ ಸ್ನೇಹವಿಲ್ಲ. ನೀರಿನ ಅಣುಗಳು ತಮ್ಮತಮ್ಮಲ್ಲೇ ಬಿಗಿಯಾಗಿ ಸೆಳೆದುಕೊಳ್ಳುತ್ತವೆ. ಎಣ್ಣೆಯ ಅಣುವನ್ನು ನಡುವೆ ಬಿಟ್ಟುಕೊಳ್ಳುವುದಿಲ್ಲ. ಸಪೋನಿನ್ ಅಣುವಿಗೆ ಎರಡು ಭಾಗಗಳುಂಟು. ಒಂದು ಕಡೆ ಸಕ್ಕರೆಯ ಸರಪಳಿ. ಅದಕ್ಕೆ ನೀರೆಂದರೆ ಪ್ರೀತಿ. ಇನ್ನೊಂದು ಕಡೆ ಇಂಗಾಲದ ಬಳೆಗಳನ್ನು ಜೋಡಿಸಿದಂಥ ರಚನೆ. ಅದಕ್ಕೆ ಜಿಡ್ಡೇ ಆಪ್ತ. ತಿಕ್ಕಿದಾಗ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಒಂದೊಂದು ಹನಿಯ ಸುತ್ತಲೂ ಸಪೋನಿನ್ ಅಣುಗಳು ಜಿಡ್ಡಿನ ತುದಿಯನ್ನು ಒಳಕ್ಕೂ ಸಕ್ಕರೆಯ ತುದಿಯನ್ನು ಹೊರಕ್ಕೂ ಮಾಡಿ ಮುತ್ತಿಕೊಳ್ಳುತ್ತವೆ. ಹೊರಗೆಲ್ಲ ಸಕ್ಕರೆಯೇ ಆದುದರಿಂದ ನೀರು ಮೋಸಹೋಗಿ ಆ ಹನಿಯನ್ನು ಎತ್ತಿಕೊಂಡು ಹರಿದುಬಿಡುತ್ತದೆ. ಸಾಬೂನು ಮಾಡುವುದೂ ಇದೇ ಕೆಲಸವನ್ನು. ಆದರೆ ಸಾಬೂನು ಎಣ್ಣೆಯನ್ನು ಕ್ಷಾರದೊಡನೆ ಕುದಿಸಿ ಮಾಡಿದ ಲವಣ, ಅದರ ದ್ರಾವಣ ಕ್ಷಾರೀಯ. ಸೀಗೆಯ ದ್ರಾವಣ ಸ್ವಲ್ಪ ಆಮ್ಲೀಯ. ಕೂದಲಿನ ಹುರುಪೆಗಳು ಕ್ಷಾರದಲ್ಲಿ ಎದ್ದು ನಿಲ್ಲುವಂತೆ ಇದರಲ್ಲಿ ನಿಲ್ಲುವುದಿಲ್ಲ. ಸೀಗೆಯಿಂದ ತೊಳೆದ ಕೂದಲು ಸಿಕ್ಕುಗಟ್ಟುವುದು ಕಡಿಮೆಯೆಂದು ಹೆಂಗಸರು ಹೇಳುವುದರಲ್ಲಿ ತಥ್ಯವಿದೆ. ಪುಡಿಗೆ ಬೆರೆಸುವ ಕಡಲೆಹಿಟ್ಟಿನ ಕೆಲಸ ಇನ್ನೂ ಸರಳ: ಅದರ ಕಣಗಳು ಜಿಡ್ಡನ್ನು ಮೈಗೆ ಮೆತ್ತಿಕೊಂಡು ಹೋಗುತ್ತವೆ.

ಸಪೋನಿನ್ ಸಾಧುವಾದ ವಸ್ತುವೆಂದು ಮಾತ್ರ ತಿಳಿಯಬಾರದು. ಜಿಡ್ಡನ್ನು ಒಡೆಯುವ ಪದಾರ್ಥ ಜೀವಕೋಶದ ಪೊರೆಯನ್ನೂ ಬಿಡುವುದಿಲ್ಲ. ಏಕೆಂದರೆ ಆ ಪೊರೆಯೂ ಮೇದಸ್ಸಿನದೇ. ಕಣ್ಣಿಗೆ ಬಿದ್ದರೆ ಉರಿ ಅದರಿಂದಲೇ. ರಕ್ತಕ್ಕೆ ನೇರವಾಗಿ ಸೇರಿದರೆ ಅದು ಕೆಂಪು ಕಣಗಳನ್ನು ಒಡೆಯಬಲ್ಲದು. ಮೀನುಗಳಿಗೆ ಕಿವಿರುಗಳ ಮೂಲಕ ವಿಷವಾಗುವುದರಿಂದ ಸಪೋನಿನ್ ಇರುವ ಕಾಯಿ ಬೇರುಗಳನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಲೋಕದ ಅನೇಕ ಕಡೆಗಳಲ್ಲಿ ಇತ್ತು. ಗಿಡದಿಂದ ಬಂದುದೆಲ್ಲ ನಿರಪಾಯಕರವೆಂಬ ಈಚಿನ ಜಾಹೀರಾತುಗಳ ಧ್ವನಿಯನ್ನು ನಾವು ಒಪ್ಪಲಾರೆವು.

ಹೊಳೆಯ ನೀರು, ಬಂಡೆಯ ನೀರು

ಇಲ್ಲಿಂದ ಮುಂದೆ ನಮ್ಮ ಪಾಠ ಬಚ್ಚಲುಮನೆಯನ್ನು ಬಿಟ್ಟು ಊರಿನ ಹೊರಕ್ಕೆ ಹೋಗಬೇಕಾಗಿದೆ. ಊರಿನ ಹೆಸರಿನಲ್ಲೇ ಹೊಳೆ ಇದೆ, ದೇವರಾದ ನರಸಿಂಹನಿದ್ದಾನೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರದ ಮೇಲೆ ಹಾದು, ಗೊರೂರಿನ ಅಣೆಕಟ್ಟನ್ನು ದಾಟಿ ಹೊಳೆನರಸೀಪುರಕ್ಕೆ ಬರುತ್ತದೆ. ಅಣೆಕಟ್ಟು ಮುಗಿದದ್ದು 1979ರಲ್ಲಿ. ಹೊಳೆಯ ಬಹುಪಾಲು ನೀರು ಪಶ್ಚಿಮಘಟ್ಟದ ಮುಂಗಾರಿನ ಮಳೆಯದು. ಮಳೆಯ ನೀರಿನಲ್ಲಿ ಲವಣಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಬಂಡೆಗಳ ಮೇಲೆ ಬೇಗ ಹರಿದು ಬರುವುದರಿಂದ ಕರಗಿಸಿಕೊಳ್ಳಲು ಸಮಯವೂ ಸಿಕ್ಕುವುದಿಲ್ಲ. ಆದುದರಿಂದ ಹೊಳೆಯ ನೀರು ಮೆದು.

ಅದೇ ಮಳೆ ನೆಲಕ್ಕಿಳಿದರೆ ಕಥೆ ಬೇರೆಯಾಗುತ್ತದೆ. ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ಅದನ್ನು ದುರ್ಬಲವಾದ ಆಮ್ಲವನ್ನಾಗಿ ಮಾಡುತ್ತದೆ. ಈ ಆಮ್ಲ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ನಿಧಾನವಾಗಿ ಕರಗಿಸುತ್ತದೆ. ಕೊಳವೆಬಾವಿ ಮೇಲೆತ್ತುವುದು ಈ ನೀರನ್ನು.

ಆ ಬಂಡೆಗಳಾದರೂ ಸಾಮಾನ್ಯವಾದವಲ್ಲ. ಗೊರೂರು, ಹಾಸನಗಳ ಸುತ್ತಿನ ನೈಸ್ ಶಿಲೆಗಳ ವಯಸ್ಸು ಸುಮಾರು 330 ಕೋಟಿ ವರ್ಷ. ಭಾರತದ ಅತಿ ಪ್ರಾಚೀನ ಶಿಲೆಗಳಲ್ಲಿ ಇವು ಸೇರಿವೆ. ಭೂಮಿಗೇ ಸುಮಾರು 454 ಕೋಟಿ ವರ್ಷವಾಗಿದೆ ಎಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಇವುಗಳ ನಡುವೆ ಹಾದುಹೋಗುವ ಪದರಶಿಲೆಯ ಪಟ್ಟಿಗೆ ಭೂವಿಜ್ಞಾನಿಗಳು ಹೊಳೆನರಸೀಪುರದ ಹೆಸರನ್ನೇ ಇಟ್ಟಿದ್ದಾರೆ. ಭೂಮಿ ಇನ್ನೂ ಹೆಚ್ಚು ಕಾದಿದ್ದ ಕಾಲದಲ್ಲಿ ಹರಿದ, ಮೆಗ್ನೀಸಿಯಂ ತುಂಬಿದ ಕೊಮಾಟಿಯೈಟ್ ಎಂಬ ಲಾವಾದ ಅವಶೇಷಗಳು ಅದರಲ್ಲಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಪಟ್ಟಿಯೂ ಇದರ ಬಂಧುವೇ. ಬೈರಾಪುರದ ಕ್ರೋಮೈಟು ಗಣಿ ಆ ಶಿಲೆಗಳಲ್ಲಿಯೇ ಇದೆ. ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ಒದಗಿದ ನಯವಾದ ಬಳಪದ ಕಲ್ಲು ಕೂಡ ಮೆಗ್ನೀಸಿಯಂ ಹೇರಳವಾಗಿರುವ ಶಿಲೆ. ಮುಟ್ಟಿದರೆ ಸಾಬೂನಿನಂತೆ ಜಾರುವುದರಿಂದ ಅದಕ್ಕೆ ಸಾಬೂನುಕಲ್ಲೆಂದೂ ಹೆಸರುಂಟು. ಆ ಕಲ್ಲಿನಲ್ಲಿರುವ ಮೆಗ್ನೀಸಿಯಮ್ಮೇ ನೀರಿಗೆ ಇಳಿದರೆ ಸಾಬೂನಿನ ಶತ್ರುವಾಗುತ್ತದೆಂಬುದು ಸ್ವಾರಸ್ಯ.

ಶತ್ರುತ್ವ ಹೇಗೆಂದರೆ, ಸಾಬೂನು ಸೋಡಿಯಂ ಲವಣವಾಗಿರುವಾಗ ನೀರಿನಲ್ಲಿ ಕರಗುತ್ತದೆ. ಸೋಡಿಯಮ್ಮಿನ ಜಾಗಕ್ಕೆ ಕ್ಯಾಲ್ಸಿಯಮ್ಮೋ ಮೆಗ್ನೀಸಿಯಮ್ಮೋ ಬಂದು ಕುಳಿತರೆ ಕರಗದು. ಬಿಳಿಯ ಒಡಕು ಮೊಸರಿನಂತೆ ಅದು ಬೇರ್ಪಟ್ಟು ಕೂದಲಿಗೂ ಬಕೀಟಿಗೂ ಮೆತ್ತಿಕೊಳ್ಳುತ್ತದೆ. ನಷ್ಟವೆಷ್ಟು? ನೀರಿನ ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ತೂಕವಾಗಿ ಲೆಕ್ಕಹಾಕುವುದು ವಾಡಿಕೆ. ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಸಮ್ಮತವೆಂದೂ ಬೇರೆ ನೀರು ದೊರೆಯದಿದ್ದರೆ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಲೀಟರಿಗೆ 300 ಮಿಲಿಗ್ರಾಂ ಇರುವ ನೀರನ್ನು ತೆಗೆದುಕೊಳ್ಳೋಣ. 20 ಲೀಟರಿನ ಬಕೀಟಿನಲ್ಲಿ 6 ಗ್ರಾಂ ಆಯಿತು. ರಾಸಾಯನಿಕ ಸಮೀಕರಣದಂತೆ ಒಂದು ಗ್ರಾಂ ಗಡಸು ಸುಮಾರು ಆರು ಗ್ರಾಂ ಸಾಬೂನನ್ನು ಕೆಡಿಸುತ್ತದೆ. ಎಂದರೆ ಬಕೀಟಿನ ನೀರಿನಲ್ಲೆಲ್ಲ ನೊರೆ ನಿಲ್ಲಬೇಕಾದರೆ ಅದಕ್ಕೆ ಮುಂಚೆ ಸುಮಾರು 36 ಗ್ರಾಂ ಸಾಬೂನು ವ್ಯರ್ಥವಾಗಬೇಕು. ಸಪೋನಿನ್ ಹೀಗೆ ಮೊಸರಾಗಿ ಬೇರ್ಪಡುವುದಿಲ್ಲ; ಗಡಸು ನೀರಿನಲ್ಲಿ ಸೀಗೆಯ ಮಾನ ಉಳಿಯುವುದು ಇದರಿಂದ. ಈಗಿನ ಶಾಂಪೂಗಳೂ ಡಿಟರ್ಜೆಂಟಿನ ವರ್ಗಕ್ಕೆ ಸೇರಿದವುಗಳಾದುದರಿಂದ ಅಷ್ಟಾಗಿ ಸೋಲುವುದಿಲ್ಲ.

ಇದನ್ನು ಓದಿ ನಂಬುವುದಕ್ಕಿಂತ ಮಾಡಿ ನೋಡುವುದು ಮೇಲು. ಮಳೆಯ ನೀರು, ಹೊಳೆಯ ನೀರು, ಕೊಳವೆಬಾವಿಯ ನೀರು—ಇವನ್ನು ಮೂರು ಒಂದೇ ಬಗೆಯ ಸೀಸೆಗಳಲ್ಲಿ ಸಮನಾಗಿ ತೆಗೆದುಕೊಳ್ಳಿರಿ. ನಿಜವಾದ ಸಾಬೂನಿನ ಒಂದು ಚೂರನ್ನು ಮಳೆಯ ನೀರಿನಲ್ಲಿ ಕರಗಿಸಿ, ಆ ದ್ರಾವಣವನ್ನು ಒಂದೊಂದೇ ಹನಿಯಾಗಿ ಹಾಕಿ ಕುಲುಕಿರಿ. ನೊರೆ ಎರಡು ನಿಮಿಷ ನಿಲ್ಲುವವರೆಗೆ ಎಷ್ಟು ಹನಿ ಬೇಕಾಯಿತೆಂದು ಎಣಿಸಿರಿ. ಬಟ್ಟೆಯ ಪುಡಿಯನ್ನು ಉಪಯೋಗಿಸಿದರೆ ಪ್ರಯೋಗ ಕೆಟ್ಟಿತು. ಬಳಿಕ ಕೊಳವೆಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ ಮತ್ತೆ ಎಣಿಸಿರಿ. ಹನಿಗಳು ಕಡಿಮೆಯಾದರೆ ಆ ನೀರಿನ ಗಡಸುತನದಲ್ಲಿ ಒಂದು ಭಾಗ ಬೈಕಾರ್ಬೊನೇಟುಗಳದು. ಕುದಿಸಿದಾಗ ಅದು ಸುಣ್ಣದಂತೆ ಕೆಳಗೆ ಕೂರುತ್ತದೆ. ಹಂಡೆಯ ಒಳಮೈಗೂ ಗೀಸರಿನ ಕೊಳವೆಗೂ ಹಿಡಿಯುವ ಬಿಳಿಯ ಹೊಪ್ಪಳೆ ಇದೇ. ಅದರ ಒಂದು ಚೂರಿನ ಮೇಲೆ ನಿಂಬೆಹಣ್ಣಿನ ರಸ ಹಿಂಡಿದರೆ ಗುಳ್ಳೆಗಳೇಳುವುದನ್ನು ಕಾಣಬಹುದು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವುದು ವಾಡಿಕೆ. ಆ ಹುಳಿ ಹೊರಗಿನ ತಾಮ್ರದ ಕಪ್ಪು ಆಕ್ಸೈಡನ್ನು ಕರಗಿಸುತ್ತದೆ. ಒಳಗಿನ ಹೊಪ್ಪಳೆಯ ಹಿಡಿತವನ್ನೂ ಸಡಿಲಿಸುತ್ತದೆ.

ಹಂಡೆಯ ಬೆಂಕಿ

ನೀರನ್ನು ಕಾಯಿಸಲು ಎಷ್ಟು ಸೌದೆ ಬೇಕು? 60 ಲೀಟರಿನ ಹಂಡೆಯನ್ನು 22 ಡಿಗ್ರಿಯಿಂದ 62 ಡಿಗ್ರಿಗೆ ಏರಿಸಬೇಕೆನ್ನೋಣ. ತಣ್ಣೀರು ಬೆರೆಸಿದರೆ ಒಂದು ಸಣ್ಣ ಸಂಸಾರಕ್ಕೆ ಸಾಕು. ಬೇಕಾದ ಉಷ್ಣ 60ನ್ನು 40ರಿಂದ ಗುಣಿಸಿದಷ್ಟು, 2400 ಕಿಲೊಕ್ಯಾಲೊರಿ. ಒಣಗಿದ ಸೌದೆಯ ಒಂದು ಕಿಲೊಗ್ರಾಂ ಸುಮಾರು 3600 ಕಿಲೊಕ್ಯಾಲೊರಿ ಕೊಡುತ್ತದೆ. ಹಾಗಾದರೆ ಮುಕ್ಕಾಲು ಕಿಲೊಗ್ರಾಮಿಗಿಂತ ಕಡಿಮೆ ಸಾಕಲ್ಲವೆ? ಸಾಲದು. ಹಳೆಯ ಮಾದರಿಯ ಒಲೆಯಲ್ಲಿ ನೀರಿಗೆ ಸೇರುವ ಉಷ್ಣ ಶೇಕಡ ಹದಿನೈದರ ಆಸುಪಾಸು. ಉಳಿದುದು ಹೊಗೆಯೊಡನೆ ಹೋಗುತ್ತದೆ. ಆದುದರಿಂದ ನಿಜವಾಗಿ ಉರಿಯುವುದು ನಾಲ್ಕೂವರೆ ಕಿಲೊಗ್ರಾಂ. ಅದೇ ನೀರಿಗೆ ವಿದ್ಯುತ್ತಾದರೆ ಸುಮಾರು 2.8 ಯೂನಿಟ್ಟು. ತಾಮ್ರದ ಹಂಡೆ ನೀರನ್ನು ಬೇಗ ಕಾಯಿಸುತ್ತದೆಂಬ ಮಾತೊಂದುಂಟು. ತಾಮ್ರವು ಸ್ಟೇನ್‌ಲೆಸ್ ಉಕ್ಕಿಗಿಂತ ಇಪ್ಪತ್ತೈದರಷ್ಟು ಹೆಚ್ಚಾಗಿ ಉಷ್ಣವನ್ನು ಸಾಗಿಸುವುದು ನಿಜ. ಆದರೆ ತಡೆಯಿರುವುದು ಲೋಹದಲ್ಲಲ್ಲ, ತಳಕ್ಕೆ ಹತ್ತಿದ ಮಸಿಯಲ್ಲಿಯೂ ಅದರ ಕೆಳಗಿನ ಬಿಸಿಗಾಳಿಯ ಪದರದಲ್ಲಿಯೂ. ಹಂಡೆಯ ನಿಜವಾದ ಗುಣ ಅದು ತಲೆಮಾರುಗಳವರೆಗೆ ಬಾಳುವುದು.

ಹಳೆಯ ಬಚ್ಚಲುಮನೆಯನ್ನು ನಾವು ಹಾಡಿ ಹೊಗಳುವವರಲ್ಲ. ಆ ಹೊಗೆ ಮನೆಯ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಹಾಳುಮಾಡಿತು. ಆದರೆ ಅದರ ಕಟ್ಟಡದಲ್ಲಿ ಒಂದು ಗುಣವಿತ್ತು: ನಾಡಹೆಂಚಿನ ಮಾಡಿನ ಸಂದುಗಳಲ್ಲಿ, ಗೋಡೆಯ ಗವಾಕ್ಷಿಯಲ್ಲಿ ಗಾಳಿ ಸದಾ ಓಡಾಡುತ್ತಿತ್ತು. ಬೆಂಕಿ ಕೆಟ್ಟು ಹೊಗೆ ಕವಿದರೆ ಕಣ್ಣುರಿ ತಾಳಲಾರದೆ ಒಳಗಿದ್ದವನು ತಾನೇ ಓಡಿ ಹೊರಗೆ ಬರುತ್ತಿದ್ದನು. ಎಣ್ಣೆನೀರು ಈಗಿನ ಕಾಂಕ್ರೀಟು ಸ್ನಾನದ ಕೋಣೆಗೆ ಬಂದಾಗ ಎಣ್ಣೆ ಬಂತು, ಸೀಗೆ ಬಂತು, ಬಿಸಿನೀರೂ ಬಂತು; ಗವಾಕ್ಷಿ ಮಾತ್ರ ಹಿಂದೆ ಉಳಿಯಿತು. ಯಾರೂ ಅದನ್ನು ಸ್ನಾನದ ಭಾಗವೆಂದು ಎಣಿಸಿರಲಿಲ್ಲ.

ಈಗ ನಿದ್ದೆಯ ಪ್ರಶ್ನೆಗೆ ಬರೋಣ. ಬಿಸಿನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳಗಳು, ವಿಶೇಷವಾಗಿ ಅಂಗೈ ಅಂಗಾಲುಗಳಲ್ಲಿ, ಹಿಗ್ಗುತ್ತವೆ. ರಕ್ತದ ಒತ್ತಡ ಸ್ವಲ್ಪ ಇಳಿಯುತ್ತದೆ. ಹೊರಗೆ ಬಂದ ಮೇಲೆ ಹಿಗ್ಗಿದ ನಾಳಗಳಿಂದ ಉಷ್ಣ ಸೋರಿ ದೇಹದ ಒಳಗಿನ ಉಷ್ಣತೆ ಕೊಂಚ ಕೆಳಗಿಳಿಯುತ್ತದೆ. ಹೀಗೆ ಇಳಿಯುವುದೇ ನಿದ್ದೆಗೆ ಒಂದು ಸೂಚನೆ. ಅದರ ಮೇಲೆ ಇಡ್ಲಿ, ಆಮೇಲೆ ಊಟ, ಜೊತೆಗೆ ಮಧ್ಯಾಹ್ನದ ಸಹಜವಾದ ಮಂಪರು. ಎಣ್ಣೆನೀರು ಹಾಕಿಕೊಂಡ ದಿನ ಹಗಲು ಮಲಗಬಾರದೆಂದು ಹಿರಿಯರು ಗದರುತ್ತಿದ್ದರೆಂದರೆ ಎಲ್ಲರಿಗೂ ನಿದ್ದೆ ಬರುತ್ತಿತ್ತೆಂದೇ ಅರ್ಥ. ಹೀಗೆ ಆಯಾಸ, ತಲೆಭಾರ, ಮೈಜೋಮು—ಇವು ಎಣ್ಣೆನೀರಿನ ಸಹಜ ಲಕ್ಷಣಗಳೆಂದು ನಮ್ಮ ಮನಸ್ಸಿನಲ್ಲಿ ನಿಂತುಹೋಗಿವೆ.

ಅಪಾಯ ಇಲ್ಲಿಯೇ ಇದೆ. ಅಡಿಗೆಯ ಅನಿಲದಿಂದ ನಡೆಯುವ ಗೀಸರನ್ನು ಸ್ನಾನದ ಕೋಣೆಯ ಒಳಗೇ ಕೂಡಿಸಿರುವ ಮನೆಗಳು ಈಗ ಹಲವು. ಒಂದು ಕಿಲೊಗ್ರಾಂ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು ಹನ್ನೆರಡೂವರೆ ಘನಮೀಟರು ಗಾಳಿ ಬೇಕು. ಇಂಥ ಗೀಸರು ಗಂಟೆಗೆ 0.8 ಕಿಲೊಗ್ರಾಂ ಉರಿಸುತ್ತದೆಂದರೆ ಹದಿನೈದು ನಿಮಿಷಕ್ಕೆ ಎರಡೂವರೆ ಘನಮೀಟರು ಗಾಳಿಯ ಆಮ್ಲಜನಕ ತೀರಿತು. ಒಂದೂವರೆ ಮೀಟರು ಅಗಲ, ಎರಡು ಮೀಟರು ಉದ್ದ, ಎರಡೂವರೆ ಮೀಟರು ಎತ್ತರದ ಕೋಣೆಯಲ್ಲಿರುವ ಒಟ್ಟು ಗಾಳಿ ಏಳೂವರೆ ಘನಮೀಟರು. ಕಿಟಕಿ ಮುಚ್ಚಿದ್ದರೆ ಕಾಲು ಗಂಟೆಯಲ್ಲಿ ಮೂರರಲ್ಲಿ ಒಂದು ಪಾಲು ಆಮ್ಲಜನಕ ಮಾಯವಾದಂತೆ! ಅಷ್ಟು ತೀರುವುದಕ್ಕೆ ಬಹಳ ಮುಂಚೆಯೇ ಉರಿ ಅಪೂರ್ಣವಾಗಿ, ಇಂಗಾಲದ ಮಾನಾಕ್ಸೈಡು ಹುಟ್ಟಲಾರಂಭಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಮೊದಲ ಲಕ್ಷಣಗಳಾವುವು? ತಲೆನೋವು, ತಲೆಸುತ್ತು, ಆಯಾಸ, ಕಾಲುಗಳಲ್ಲಿ ಬಲವಿಲ್ಲದಂತಾಗುವುದು. ಎಣ್ಣೆನೀರಿನ ದಿನ ಯಾರೂ ಅನುಮಾನಿಸದ ಲಕ್ಷಣಗಳೇ ಇವು. ಬೇರೆ ದಿನ ಐದು ನಿಮಿಷದಲ್ಲಿ ಮುಗಿಯುವ ಸ್ನಾನ ಅಂದು ಅರ್ಧ ಗಂಟೆ ಹಿಡಿಯುತ್ತದೆ. ಒಬ್ಬರ ಹಿಂದೆ ಒಬ್ಬರು ಅದೇ ಕೋಣೆಗೆ ಹೋಗುತ್ತಾರೆ. ಚಳಿಗಾಲವಾದರೆ ಕಿಟಕಿಯನ್ನು ಭದ್ರವಾಗಿ ಮುಚ್ಚಿರುತ್ತಾರೆ. ಕಾಲು ಸೋತವನಿಗೆ ಬಾಗಿಲಿನ ಅಗುಳಿಯನ್ನು ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಅನಿಲದ ಗೀಸರೂ ಅದರ ಸಿಲಿಂಡರೂ ಇರಬೇಕಾದುದು ಕೋಣೆಯ ಹೊರಗೆ, ತೆರೆದ ಗಾಳಿಯಲ್ಲಿ. ಒಳಗೆ ಬರಬೇಕಾದುದು ಬಿಸಿನೀರಿನ ಕೊಳವೆಯೊಂದೇ. ಸದ್ಯಕ್ಕೆ ಒಳಗೇ ಇರುವ ಮನೆಗಳಲ್ಲಿ ಮೊದಲು ಬಕೀಟುಗಳನ್ನು ತುಂಬಿಸಿಕೊಂಡು, ಗೀಸರನ್ನು ಆರಿಸಿ, ಕಿಟಕಿ ಬಾಗಿಲುಗಳನ್ನು ತೆರೆದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸ್ನಾನಕ್ಕೆ ಹೋಗಬೇಕು. ಗಾಳಿ ಹೊರದೂಡುವ ಬೀಸಣಿಗೆಯಿದ್ದರೂ ಹೊಸ ಗಾಳಿ ಒಳಬರುವ ದಾರಿ ಬೇರೆಯಾಗಿ ಇರಲೇಬೇಕು. ಸ್ನಾನದವರ ತಲೆ ಭಾರವಾದರೆ ಎಣ್ಣೆಯ ಮೇಲೆ ತಪ್ಪು ಹೊರಿಸದೆ ಒಡನೆ ಹೊರಗೆ ಬರಬೇಕು. ಒಳಗಿನವರು ಕೂಗಿಗೆ ಓಗೊಡದಿದ್ದರೆ ಬಾಗಿಲನ್ನು ಒಡೆದು, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆದು ತಂದು, ಅನಿಲವನ್ನು ನಿಲ್ಲಿಸಿ, ಆಮ್ಲಜನಕವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು; ಹಿಮೊಗ್ಲೋಬಿನ್ನಿನಿಂದ ಆ ವಿಷವನ್ನು ಬೇಗ ಬಿಡಿಸಬಲ್ಲುದು ಶುದ್ಧ ಆಮ್ಲಜನಕವೇ. ಈ ಭಾನುವಾರ ಹರಳೆಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡುವ ಮುಂಚೆ ನಿಮ್ಮ ಮನೆಯ ಸ್ನಾನದ ಕೋಣೆಯಲ್ಲಿ ನಿಂತು, ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆಂದು ಒಂದು ಊದುಬತ್ತಿಯ ಹೊಗೆಯನ್ನು ಹಿಡಿದು ನೋಡಿರಿ.